ಪ್ಯಾರಮೀಸಿಯಂನ ರಸದಾನಿ ನಿಧಾನಗೊಳ್ಳುವ ಒಗಟು

ಸಿಹಿನೀರಿನ ಏಕಕೋಶ ಜೀವಿಯಾದ ಪ್ಯಾರಮೀಸಿಯಂನ ಸಂಕೋಚನಶೀಲ ರಸದಾನಿಯ (ಹೆಚ್ಚುವರಿ ನೀರನ್ನು ತುಂಬಿಕೊಂಡು ಹೊರಹಾಕುವ ಚೀಲದ) ಮಿಡಿತವನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವ ಕೆಲಸ ಕೊನೆಗೂ ಹಳಿಗೆ ಬಂದಿದೆ. ಜೀವಿಗಳನ್ನು ಬೆಳೆಸುವುದು, ಬೆಳಕು ಹೊಂದಿಸುವುದು ಈ ಹವ್ಯಾಸದವರಿಗೆಲ್ಲ ತಿಳಿದದ್ದೇ ಆದ್ದರಿಂದ ತಲೆ ಕೆಡಿಸಿದ ಒಂದೇ ಸಮಸ್ಯೆಗೆ ಬರುತ್ತೇನೆ. ಅದೇ ಸ್ಲೈಡ್, ಅದೇ ಹನಿ, ಅದೇ ಜೀವಿ; ಆದರೂ ಹೊತ್ತು ಕಳೆದಂತೆ ಮಿಡಿತ ನಿಧಾನವಾಗುತ್ತಿತ್ತು.

ಸಿಹಿನೀರಿಗಿಂತ ಕೋಶರಸದಲ್ಲಿ ಕರಗಿರುವ ಕಣಗಳು ಹೆಚ್ಚಾಗಿರುವುದರಿಂದ ನೀರು ಅಭಿಸರಣೆಯ ಮೂಲಕ ಪೊರೆಯನ್ನು ದಾಟಿ ಸದಾ ಒಳನುಗ್ಗುತ್ತಲೇ ಇರುತ್ತದೆ. ಅದನ್ನು ಹೊರಹಾಕದಿದ್ದರೆ ಜೀವಿ ಉಬ್ಬಿ ಒಡೆಯುತ್ತದೆ. ನೀರನ್ನೇ ನೇರವಾಗಿ ಎತ್ತಿಹಾಕುವ ಪಂಪ್ ಇಲ್ಲಿಲ್ಲ ಎಂಬುದು ನನಗೆ ಅತ್ಯಂತ ಸೊಗಸಾಗಿ ಕಾಣುವ ಸಂಗತಿ. ರಸದಾನಿಗೆ ಸೇರಿದ ಪೊರೆಗಳಲ್ಲಿರುವ ಪಂಪ್‌ಗಳು ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯನ್ನು ಖರ್ಚು ಮಾಡಿ ಪ್ರೋಟಾನ್‌ಗಳನ್ನು ಒಳಕ್ಕೆ ತಳ್ಳುತ್ತವೆ, ಆ ಶಕ್ತಿಯ ಬಲದಿಂದ ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಯಾನುಗಳು ಅಲ್ಲಿ ಶೇಖರವಾಗುತ್ತವೆ, ನೀರು ಅವುಗಳ ಬೆನ್ನುಹತ್ತಿ ಬರುತ್ತದೆ. ಹೊರಗಿನ ನೀರು ಬದಲಾಗದಿದ್ದರೆ ಮಿಡಿತವೇಕೆ ಬದಲಾಗಬೇಕು?

ಮೊದಲ ಅನುಮಾನ ಜೀವಿಯ ಓಟ ತಗ್ಗಿಸಲು ಬಳಸಿದ, ನೀರನ್ನು ಮಂದವಾಗಿಸುವ ಮೀಥೈಲ್ ಸೆಲ್ಯುಲೋಸ್ ಮೇಲೆ. ಡಬ್ಬಿಯ ಮೇಲೆ ಸ್ನಿಗ್ಧತೆಯ ದರ್ಜೆಯೇ ಇರಲಿಲ್ಲ. ಪೂರೈಕೆದಾರರನ್ನು ಕೇಳಿದರೆ ‘ಉತ್ತಮ ದರ್ಜೆ’ ಎಂದರು. ಯಾವುದಕ್ಕೆ ಉತ್ತಮ ಎಂಬುದು ಬಹುಶಃ ವ್ಯಾಪಾರದ ಗುಟ್ಟು. ಆದರೆ ಅಭಿಸರಣೆಯಲ್ಲಿ ಲೆಕ್ಕಕ್ಕೆ ಬರುವುದು ಕಣಗಳ ಸಂಖ್ಯೆ. ಇದರ ಅಣುಗಳೋ ದೈತ್ಯ ಗಾತ್ರದವು, ಆದ್ದರಿಂದ ಸಂಖ್ಯೆಯಲ್ಲಿ ಕಡಿಮೆ. ಅದನ್ನು ಬಿಟ್ಟು ಹತ್ತಿಯ ಎಳೆಗಳ ನಡುವೆ ಜೀವಿಯನ್ನು ಸಿಕ್ಕಿಸಿದಾಗಲೂ ಮಿಡಿತ ಕುಂದಿದ್ದರಿಂದ ಆರೋಪಿ ಖುಲಾಸೆಯಾಯಿತು.

ಸುಳಿವು ಸಿಕ್ಕಿದ್ದು ಹನಿಯ ಮೇಲೆ ಮುಚ್ಚುವ ತೆಳುಗಾಜಿನ, ಅಂದರೆ ಕವರ್‌ಸ್ಲಿಪ್‌ನ ಅಂಚಿನಲ್ಲಿ. ಗಾಳಿಯ ಗೆರೆ ಮೆಲ್ಲನೆ ಒಳಕ್ಕೆ ಸರಿಯುತ್ತಿತ್ತು. ನೀರು ಆವಿಯಾದರೂ ಲವಣ ಉಳಿಯುವುದರಿಂದ ಹೊರಗಿನ ದ್ರಾವಣ ಗಟ್ಟಿಯಾಗುತ್ತದೆ, ಒಳಬರುವ ನೀರು ಕಡಿಮೆಯಾಗುತ್ತದೆ, ರಸದಾನಿ ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಪದರ ತೆಳುವಾದಂತೆ ಗಾಜು ಜೀವಿಯನ್ನು ಅದುಮುತ್ತದೆ ಕೂಡ. ಎರಡರಲ್ಲಿ ಕಾರಣ ಯಾವುದು?

ಎದುರುಬದುರಿನ ಎರಡು ಅಂಚುಗಳಿಗೆ ಪೆಟ್ರೋಲಿಯಂ ಜೆಲ್ಲಿಯ ದಪ್ಪ ಏರಿ ಹಾಕಿ ಗಾಜನ್ನು ಎತ್ತಿ ನಿಲ್ಲಿಸಿದೆ. ಅದುಮುವಿಕೆ ಹೋಯಿತು, ಮಿಡಿತದ ಕುಸಿತ ಹೋಗಲಿಲ್ಲ. ತೆರೆದ ಅಂಚಿಗೆ ಒಂದು ತೊಟ್ಟು ಬಟ್ಟಿ ನೀರನ್ನು ತಾಗಿಸಿದಾಗಲಂತೂ ನೋಡುವಂತಿತ್ತು: ಸುತ್ತಲಿನ ಕಾಲುವೆಗಳು ನಕ್ಷತ್ರದ ಕಿರಣಗಳಂತೆ ಉಬ್ಬಿ, ನಡುವಿನ ರಸದಾನಿ ದುಂಡಗಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬರಿದಾಗಿ, ಕಾಲುವೆಗಳು ಮತ್ತೆ ತುಂಬತೊಡಗಿದವು, ಮಿಡಿತಗಳ ನಡುವಿನ ಅಂತರ ಸ್ಪಷ್ಟವಾಗಿ ಕುಗ್ಗಿತು. ನಾಲ್ಕೂ ಅಂಚು ಮುಚ್ಚಿದರೆ ಮಿಡಿತ ಸ್ಥಿರವಾಗಿರುತ್ತದೆ, ಆದರೆ ಆಮ್ಲಜನಕ ಮುಗಿಯುವ ಮೊದಲೇ ಎಣಿಕೆ ಮುಗಿಸಬೇಕು. ಮುಂದಿನ ಮತ್ತು ಹಿಂದಿನ ರಸದಾನಿಗಳು ಒಂದೇ ತಾಳಕ್ಕೆ ಬಡಿಯುವುದಿಲ್ಲವಾದ್ದರಿಂದ ನಾನು ಹಿಂದಿನದನ್ನು ಮಾತ್ರ ಎಣಿಸುತ್ತೇನೆ. ಎರಡನ್ನೂ ಎಣಿಸುವ ತಾಳ್ಮೆ ಇರುವವರಿಗೆ ನಮಸ್ಕಾರ.

ಈ ನಡುವೆ ರಿಯೋ ಎಂಬ ಅಲಂಕಾರಿಕ ಗಿಡದ ಎಲೆಯ ನೇರಳೆ ಸಿಪ್ಪೆ ಕೈಬೀಸಿ ಕರೆಯುತ್ತಿದೆ. ಗಟ್ಟಿ ಸಕ್ಕರೆ ದ್ರಾವಣದಲ್ಲಿ ಕುಗ್ಗಿದ ಕೋಶದ ಒಳಭಾಗ ಕುಗ್ಗಿಯೇ ಉಳಿಯುತ್ತದೆ. ಗ್ಲಿಸರಾಲ್‌ನಲ್ಲಾದರೆ, ಗ್ಲಿಸರಾಲ್ ತಾನೇ ನಿಧಾನವಾಗಿ ಪೊರೆಯೊಳಗೆ ಹೊಕ್ಕು ನೀರನ್ನೂ ಸೆಳೆಯುವುದರಿಂದ ಮತ್ತೆ ಹಿಗ್ಗುತ್ತದೆ. ಅದಕ್ಕೂ ಇದೇ ಜೆಲ್ಲಿಯ ಏರಿ ಸಾಕು, ಒಂದು ಬದಿಯಿಂದ ದ್ರಾವಣ ಬಿಟ್ಟು ಎದುರು ಬದಿಯಲ್ಲಿ ಒತ್ತುಕಾಗದದಿಂದ ಸೆಳೆಯಬಹುದು. ಒಂದಕ್ಕೊಂದು ಅಂಟಿಕೊಂಡಿರದ ಕವರ್‌ಸ್ಲಿಪ್‌ಗಳ ಪೊಟ್ಟಣವನ್ನು ಯಾರಾದರೂ ಮಾರಿದರೆ ನಾಳೆಯೇ ಆರಂಭಿಸುತ್ತೇನೆ.