ಸಾಣಿಕಟ್ಟಾದ ಉಪ್ಪನ್ನು ಬೆಳ್ಳಗೆ ತೋರಿಸುವ ಯತ್ನ: ಮೂರನೆಯ ವಾರ

ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ಈ ಬೇಸಿಗೆಯಿಡೀ ಚಿತ್ರಿಸಬೇಕೆಂದು ಹೊರಟ ಕೆಲಸಕ್ಕೆ ಇದು ಮೂರನೆಯ ವಾರ. ಹಿಂದಿನ ಎರಡು ವಾರ ತೆಗೆದ ಚಿತ್ರಗಳಲ್ಲಿ ಉಪ್ಪಿನ ರಾಶಿಗಳೆಲ್ಲ ಒಲೆಯ ಬೂದಿಯಂತೆ ಮಂಕಾಗಿದ್ದವು. ಕಣ್ಣು ಕೋರೈಸುವ ಬಿಸಿಲಿನಲ್ಲಿ ತೆಗೆದವು ಹೀಗೇಕಾದವು ಎಂಬುದನ್ನು ಬಗೆಹರಿಸಿಕೊಳ್ಳಲೆಂದೇ ಈ ಶನಿವಾರದ ಬೆಳಗನ್ನು ಮೀಟರಿಂಗ್‌ಗೆ, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬೇಕೆಂದು ಕ್ಯಾಮೆರಾದಿಂದ ಅಳೆಯುವುದಕ್ಕೆ, ಮೀಸಲಿಟ್ಟೆ.

ಕ್ಯಾಮೆರಾದ ಮೀಟರ್ ಅಳೆಯುವುದು ವಸ್ತುವಿನಿಂದ ಮರಳಿ ಬರುವ ಬೆಳಕನ್ನು. ಎದುರಿಗಿರುವುದು ಉಪ್ಪೋ ಇದ್ದಿಲೋ ಅದಕ್ಕೆ ತಿಳಿಯದ ಕಾರಣ, ಏನನ್ನು ಅಳೆದರೂ ಅದನ್ನು ಸುಮಾರು ಶೇ 18ರಷ್ಟು ಬೆಳಕನ್ನು ಮರಳಿಸುವ ನಡುಬೂದು ಬಣ್ಣಕ್ಕೆ ತಂದು ನಿಲ್ಲಿಸಲು ನೋಡುತ್ತದೆ. ಚೌಕಟ್ಟನ್ನು ಹಲವು ಭಾಗ ಮಾಡಿ ಅಳೆಯುವ ಮ್ಯಾಟ್ರಿಕ್ಸ್ ಪದ್ಧತಿ, 1983ರ ನಿಕಾನ್ ಎಫ್‌ಎ ಕ್ಯಾಮೆರಾದೊಂದಿಗೆ ಬಂದದ್ದು, ಆಕಾಶ, ನೀರು, ದಂಡೆ ಎಲ್ಲ ಸೇರಿದ ದೃಶ್ಯಕ್ಕೆ ಚೆನ್ನಾಗಿಯೇ ಒದಗಿತು. ರಾಶಿಯೊಂದೇ ಚೌಕಟ್ಟನ್ನು ತುಂಬಿದಾಗ ಸೋತಿತು. ಚೌಕಟ್ಟಿನ ನಡುಭಾಗಕ್ಕೆ ಹೆಚ್ಚು ತೂಕ ಕೊಟ್ಟು ಅಳೆಯುವ ಸೆಂಟರ್ ವೇಟೆಡ್‌ನಲ್ಲೂ ಅದೇ ಮಂಕು.

ಕೊನೆಗೆ, ಚೌಕಟ್ಟಿನ ಒಂದು ಚಿಕ್ಕ ಚುಕ್ಕೆಯನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ಗೆ ಬಂದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಅಪರ್ಚರ್ (ಲೆನ್ಸ್‌ನ ಕಂಡಿ) ಎಫ್/8 ಇಟ್ಟು, ರಾಶಿಯ ಬಿಸಿಲು ಬಿದ್ದ ಮಗ್ಗುಲನ್ನು ಅಳೆದಾಗ ಮೀಟರ್ ಹೇಳಿದ್ದು 1/1250 ಸೆಕೆಂಡ್. ಆ ಚಿತ್ರವನ್ನು ನೋಡಿದ, ಉಪ್ಪು ಹೊರುತ್ತಿದ್ದ ಹಿರಿಯಕ್ಕ, "ತಮಾ, ಇದು ಮಳೆ ಬಿದ್ದ ಉಪ್ಪಿನ ಹಾಂಗೆ ಕಾಣ್ತದೆ" ಎಂದರು. ಅವರ ಕಣ್ಣನ್ನೇ ಅಳತೆಯಾಗಿಟ್ಟುಕೊಂಡು ಹೆಚ್ಚು ಬೆಳಕು ಒಳಬರಲೆಂದು ಶಟರ್ ವೇಗವನ್ನು ಮೂರನೇ ಒಂದು ಸ್ಟಾಪ್‌ನಂತೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಇಳಿಸುತ್ತ ಬಂದೆ. 1/400ಕ್ಕೆ ಬರುವಾಗ ರಾಶಿ ಬೆಳ್ಳಗಾಯಿತು. ಹರಳುಗಳ ಅಂಚು ಬಿಡಿಬಿಡಿಯಾಗಿ ಕಂಡಿತು, ಬುಡದಲ್ಲಿ ಮೆತ್ತಿದ ಕೆಸರಿನ ಕಂದೂ ಉಳಿದಿತ್ತು. 1/250ರಲ್ಲಿ ಹರಳುಗಳೆಲ್ಲ ಕಲಸಿಹೋಗಿ, ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನಕ್ಷೆ ಅತಿ ಬಿಳುಪಿನ ಬಲ ಅಂಚಿಗೆ ಒತ್ತಿಕೊಂಡಿತು.

ಮುಂದಿನದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಆ ಅಕ್ಕನ ಒಪ್ಪಿಗೆ ಪಡೆದು, ಅವರ ಬಿಸಿಲಿಗೆ ಕಂದಿದ ಕೆನ್ನೆಯನ್ನು ಸ್ಪಾಟ್‌ನಲ್ಲಿ ಅಳೆದರೆ ಬಂದದ್ದು 1/250. ಆದರೆ ಮುಖದ ಮೇಲೂ ರಾಶಿಯ ಮೇಲೂ ಬೀಳುತ್ತಿದ್ದದ್ದು ಒಂದೇ ಬಿಸಿಲಾದ್ದರಿಂದ, ಅಳತೆಗಳನ್ನು ನಾವೇ ಕೈಯಾರೆ ಇಡುವ ಮ್ಯಾನ್ಯುಯಲ್‌ನಲ್ಲಿ 1/400ನ್ನೇ ಉಳಿಸಿಕೊಂಡು ತೆಗೆದೆ. ಮುಖವೂ ತನ್ನ ಬಣ್ಣದಲ್ಲೇ ಬಂತು, ಬುಟ್ಟಿಯ ಉಪ್ಪೂ ಬೆಳ್ಳಗೆ ಬಂತು. ಈ ಸಲ ಅಕ್ಕ ಚಿತ್ರ ನೋಡಿ ತಲೆಯಾಡಿಸಿದರು.

ಮುಂದಿನ ವಾರ ಯಾಣಕ್ಕೆ ಹೋಗುವವನಿದ್ದೇನೆ. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಕಪ್ಪು ಬಂಡೆಯನ್ನು ಮೀಟರ್ ಬೂದಿಯಾಗಿಸದಂತೆ, ಅಲ್ಲಿ ಒಂದೂ ಕಾಲು ಸ್ಟಾಪ್‌ನಷ್ಟು ಬೆಳಕು ಕಡಿಮೆ ಮಾಡಿಯೇ ಶುರು ಮಾಡುತ್ತೇನೆ.