ಶಿರಸಿಯ ಮೈಲುತುತ್ತ, ಡೆನ್ಮಾರ್ಕಿನ ದ್ರಾಕ್ಷಿ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರಿಗೆ ಮಳೆಗಾಲದ ಮೊದಲ ಚಿಂತೆ ಕೊಳೆರೋಗದ್ದು. ಅದಕ್ಕೆ ಮದ್ದು, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಹೊಳೆಯುವ ಚೂರಿಯೊಂದನ್ನು ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ. ನಮ್ಮ ಕೊನೆಗೌಡರು ಮರವೇರಿ ಹೊಡೆಯುವ ಈ ಬೋರ್ಡೋ ದ್ರಾವಣ ಮೊದಲು ಬಳಕೆಗೆ ಬಂದದ್ದು ಫ್ರಾನ್ಸಿನ ವೈನ್ ದ್ರಾಕ್ಷಿಗೆ. ಅಮೆರಿಕದಿಂದ ಬಂದಿಳಿದ, ಎಲೆಗೆ ಬೂಜು ಹಿಡಿಸುವ ಕೇದಿಗೆ ರೋಗ (ಡೌನಿ ಮಿಲ್ಡ್ಯೂ) ಅಲ್ಲಿನ ತೋಟಗಳನ್ನು ಹಾಳುಗೆಡವುತ್ತಿದ್ದಾಗ, ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಬಳಿದಿದ್ದ ಮೈಲುತುತ್ತ-ಸುಣ್ಣದ ಗುಣವನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದ.

ಡೆನ್ಮಾರ್ಕಿನಲ್ಲಿ ವೈನ್ ತಯಾರಿಕೆ ಬೆಳೆಯುತ್ತಿದೆ ಎಂಬ ಸುದ್ದಿ ನನ್ನ ಕುತೂಹಲ ಕೆರಳಿಸಿದ್ದು ಈ ನಂಟಿನಿಂದಲೇ. (ನಮ್ಮ ಮನೆಯಲ್ಲಿ ವೈನಿನ ರುಚಿ ಬಲ್ಲವರು ಯಾರೂ ಇಲ್ಲ, ಅದು ಬೇರೆ ಮಾತು.) ವೈನ್ ದ್ರಾಕ್ಷಿಗೆ 30ರಿಂದ 50 ಡಿಗ್ರಿ ಅಕ್ಷಾಂಶದ ನಡುವಿನ ನೆಲವೇ ಸರಿ ಎಂಬುದು ಹಳೆಯ ಲೆಕ್ಕ, ಡೆನ್ಮಾರ್ಕ್ ಇರುವುದು 55ರ ಆಸುಪಾಸಿನಲ್ಲಿ. ಆದರೂ 2000ದಲ್ಲಿ ಐರೋಪ್ಯ ಒಕ್ಕೂಟ ಅದಕ್ಕೆ ವಾಣಿಜ್ಯ ವೈನ್ ಉತ್ಪಾದಕ ದೇಶವೆಂಬ ಮಾನ್ಯತೆ ಕೊಟ್ಟಿತು.

ಈ ಬೆಳವಣಿಗೆಯ ಯಶಸ್ಸನ್ನೆಲ್ಲ ಭೂಮಿ ಬಿಸಿಯಾಗುತ್ತಿರುವುದರ ಲೆಕ್ಕಕ್ಕೆ ಬರೆಯುವುದು ಪತ್ರಿಕೆಗಳ ರೂಢಿ. ಬೇಸಿಗೆ ಬೆಚ್ಚಗಾಗಿರುವುದು ನಿಜವೇ, ಆದರೆ ನನ್ನ ಮಟ್ಟಿಗೆ ದೊಡ್ಡ ಪಾಲು ತಳಿ ತಜ್ಞರದ್ದು. ಅಲ್ಲಿ ಬಿಳಿ ವೈನಿಗೆ ಹೆಚ್ಚಾಗಿ ನೆಡುವ ಸೊಲಾರಿಸ್ ತಳಿಯನ್ನು 1975ರಲ್ಲಿ ಜರ್ಮನಿಯ ಫ್ರೈಬುರ್ಗ್‌ನ ಸಂಶೋಧನಾ ಕೇಂದ್ರದಲ್ಲಿ ನಾರ್ಬರ್ಟ್ ಬೆಕರ್ ಸಂಕರಿಸಿದರು. ಅದರ ವಂಶಾವಳಿ ನಮ್ಮ ಗೋತ್ರಪ್ರವರಗಳಿಗೇನೂ ಕಡಿಮೆಯಿಲ್ಲ: ಒಂದು ಕಡೆ ರೀಸ್ಲಿಂಗ್, ಪಿನೊ ಗ್ರಿ, ಮಸ್ಕಟ್ ಒಟ್ಟೊನೆಲ್‌ನಂಥ ಕುಲೀನರು, ಇನ್ನೊಂದು ಕಡೆ ಅಮೆರಿಕದ ಕಾಡು ದ್ರಾಕ್ಷಿಯ ಅಂಶ ಹೊತ್ತ ಫ್ರೆಂಚ್ ಸಂಕರ ತಳಿ, ಮತ್ತೊಂದು ಕಡೆ ರಷ್ಯಾದ ಜಾರ್ಯಾ ಸೆವೆರಾ, ಅದರ ಹಿಂದೆ ಅಮೂರ್ ನದಿಯ ಸೀಮೆಯಲ್ಲಿ ಮೈನಸ್ 30 ಡಿಗ್ರಿಯ ಚಳಿಗೂ ಸಾಯದ ಕಾಡುಬಳ್ಳಿ. ಕೆಂಪು ವೈನಿಗೆ ಅಲ್ಲಿ ಬೆಳೆಯುವ ರೊಂಡೊ ಕೂಡ ಇದೇ ಜಾರ್ಯಾ ಸೆವೆರಾದ ಸಂತಾನ. ರೋಗ ಬಂದ ಅಮೆರಿಕದಿಂದಲೇ ರೋಗ ತಾಳುವ ಗುಣದ ಒಂದು ಪಾಲೂ ಬಂದದ್ದು, ಅದರ ಜೊತೆಗೆ ಬೇಗ ಮಾಗುವ ಸ್ವಭಾವವೂ ಸೇರಿದ್ದು ಸೊಲಾರಿಸ್‌ನ ಬಲ. ಮಳೆ ಮತ್ತು ತೇವ ಹೆಚ್ಚಿರುವ ಕಡೆ ಬಿಸಿಲೊಂದೇ ಇದ್ದರೆ ಸಾಲದೆಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಂಪಿನಲ್ಲಿ ಮಾಗಿದ ದ್ರಾಕ್ಷಿಯಲ್ಲಿ ಮ್ಯಾಲಿಕ್ ಆಮ್ಲ ಕಡಿಮೆಯಾಗದೆ ಉಳಿಯುವುದರಿಂದ ವೈನ್ ಹುಳಿಯಾಗುತ್ತದೆ. ಆದರೆ ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನಿಗೆ ಬೇಕಾದದ್ದೇ ಆ ಹುಳಿ. ಡೆನ್ಮಾರ್ಕಿನ ಜಟ್‌ಲ್ಯಾಂಡ್ ಪರ್ಯಾಯದ್ವೀಪದ ಕೋಲ್ಡಿಂಗ್ ಪಟ್ಟಣದ ಬಳಿಯ ಡಾನ್ಸ್ ಎಂಬ ಪುಟ್ಟ ಪ್ರದೇಶದ ಸ್ಪಾರ್ಕ್ಲಿಂಗ್ ವೈನ್ 2018ರಲ್ಲಿ ಐರೋಪ್ಯ ಒಕ್ಕೂಟದಲ್ಲಿ ಊರಿನ ಹೆಸರಿನ ರಕ್ಷಣೆ ಪಡೆಯಿತು. ಶಿರಸಿ ಅಡಿಕೆಗೆ ದೊರೆತ ಭೌಗೋಳಿಕ ಮಾನ್ಯತೆಯಂಥದ್ದೇ ವ್ಯವಸ್ಥೆ ಅದು.

ಬೆಚ್ಚಗಿನ ಚಳಿಗಾಲ ಬೆಳೆಗಾರನಿಗೆ ಬರೀ ಲಾಭವೂ ಅಲ್ಲ. ಬಳ್ಳಿ ಬೇಗ ಚಿಗುರಿದ ವರ್ಷ ಏಪ್ರಿಲ್-ಮೇ ತಿಂಗಳಿನ ಒಂದು ರಾತ್ರಿಯ ಹಿಮವೇ ಎಳೆ ಚಿಗುರನ್ನೆಲ್ಲ ಸುಟ್ಟುಬಿಡಬಲ್ಲದು. ಇನ್ನು ತಾಮ್ರದ ಬಳಕೆಗೂ ಈಗ ಕಡಿವಾಣ ಬಿದ್ದಿದೆ: ಐರೋಪ್ಯ ಒಕ್ಕೂಟದ ನಿಯಮದಂತೆ ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋ ಮೀರುವಂತಿಲ್ಲ. ಹೀಗಾಗಿ ಮದ್ದಿಗಿಂತ ತಳಿಯನ್ನೇ ನೆಚ್ಚುವುದು ಆ ರೈತರಿಗೆ ಅನಿವಾರ್ಯ. ಸೊಲಾರಿಸ್ ಸಂಕರಗೊಂಡ ಮೇಲೆ ಜರ್ಮನಿಯಲ್ಲಿ ಅಧಿಕೃತ ಮಾನ್ಯತೆ ಪಡೆಯಲು 2001ರವರೆಗೆ ಕಾಯಬೇಕಾಯಿತು; ಫಲಕ್ಕೇ ಐದಾರು ವರ್ಷ ಕಾಯಿಸುವ ಅಡಿಕೆಯಲ್ಲಿ, ಕೊಳೆ ತಾಳುವ ತಳಿಗಾಗಿ ನಡೆಯಬೇಕಾದ ಕೆಲಸ ಅದಕ್ಕಿಂತ ಬೇಗ ಮುಗಿಯಲಾರದು.