ಎಲ್ಕ್ ಬೇಟೆಯಲ್ಲಿ ಕುದುರೆಯ ಪಾಲಿನ ಕೆಲಸ

ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಶಿಕಾರಿಯ ಕಥೆ ಕೇಳದೆ ಬೆಳೆದವರು ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವುದಕ್ಕೆ ಮುನ್ನ ನಡೆದ ಆ ಬೇಟೆಗಳಲ್ಲಿ ನಾಯಿಗಳಿರುತ್ತಿದ್ದವು, ಹಳು ನುಗ್ಗುವವರಿರುತ್ತಿದ್ದರು, ಕೋವಿ ಹಿಡಿದು ಕಂಡಿಯಲ್ಲಿ ಕಾಯುವವರಿರುತ್ತಿದ್ದರು. ಕುದುರೆ ಮಾತ್ರ ನಮ್ಮ ಮನೆಯ ಹಿರಿಯರು ಹೇಳಿದ ಯಾವ ಕಥೆಯಲ್ಲೂ ಬರಲಿಲ್ಲ. ಆದ್ದರಿಂದಲೇ, ಅಮೆರಿಕದ ಮೊಂಟಾನಾದಲ್ಲಿ ನೆಲೆಸಿರುವ ಅಕ್ಕನ ಮಗನ ನೆರೆಯವರು ಪ್ರತಿ ವರ್ಷ ಕುದುರೆಗಳೊಂದಿಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುವರೆಂದು ತಿಳಿದಾಗ, ಅದರ ವಿವರಗಳನ್ನು ಅವರಿಂದಲೇ ಕೇಳಿಕೊಂಡೆ.

ಅಲ್ಲಿ ಪ್ರಾಣಿಯನ್ನು ಕುದುರೆಯ ಮೇಲೆ ಅಟ್ಟಿಸಿಕೊಂಡು ಹೋಗುವುದಿಲ್ಲ. ಬೆಳಕು ಹರಿಯುವ ಮೊದಲೇ ಕುದುರೆ ಏರಿ ಬೆಟ್ಟದ ಮೇಲ್ಭಾಗ ತಲುಪಿ, ಕುದುರೆಯನ್ನು ಕಟ್ಟಿ, ಮುಂದಿನ ಬೇಟೆಯನ್ನು ಕಾಲ್ನಡಿಗೆಯಲ್ಲೇ ಮಾಡುತ್ತಾರೆ. 1964ರ ಕಾಯ್ದೆಯಡಿ ‘ವೈಲ್ಡರ್ನೆಸ್’ ಎಂದು ಘೋಷಿಸಿದ ಕಾಡುಗಳಿಗೆ ಮೋಟಾರು ವಾಹನವಿರಲಿ, ಸೈಕಲ್ಲು ಕೂಡ ಹೋಗುವಂತಿಲ್ಲವಾದ್ದರಿಂದ ಬೇಟೆಗಾರನಿಗೆ ಉಳಿಯುವುದು ಕಾಲು ಅಥವಾ ಕುದುರೆ.

ಕುದುರೆಯ ನಿಜವಾದ ಅಗತ್ಯ ಕಾಣುವುದು ಗುಂಡು ಬಿದ್ದ ಮೇಲೆಯೇ. ಎಲ್ಕ್ ನಮ್ಮ ಕಡವೆಗಿಂತ ದೊಡ್ಡದು. ಬೆಳೆದ ಗಂಡು ಸುಮಾರು 300 ಕಿಲೋ ತೂಗುತ್ತದೆ. ತಿನ್ನಲು ಬರುವ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಲ್ಲಿ ಅಪರಾಧ. ತೊಡೆ, ಮುಂಗಾಲುಗಳನ್ನು ಬೇರ್ಪಡಿಸಿ ಹೊರಿಸಿದರೂ ಎರಡು ಹೇರುಕುದುರೆಗಳು ಬೇಕಾಗುತ್ತವೆ. ಒಂದು ಕುದುರೆಗೆ ಸುಮಾರು 70 ಕಿಲೋ ಹೇರಿದರೆ ಸಾಕು ಎನ್ನುತ್ತಾರೆ; ಸವಾರನಾದರೆ ತಿರುವಿನಲ್ಲಿ ತನ್ನ ಭಾರವನ್ನು ತಾನೇ ಹೊಂದಿಸಿಕೊಳ್ಳುತ್ತಾನೆ, ಮಾಂಸದ ಹೇರು ಹಾಗೆ ಮಾಡದು. ಎಡ ಬಲಗಳ ತೂಕದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಹೇರು ಒಂದು ಕಡೆಗೆ ವಾಲಿ ಕುದುರೆಯ ಬೆನ್ನು ಹುಣ್ಣಾಗುತ್ತದೆ. ಘಟ್ಟದ ಕೆಳಗೆ ಕಾಫಿ ಸಾಗಿಸುತ್ತಿದ್ದ ನಮ್ಮ ಹೇರೆತ್ತಿನವರಿಗೂ ಇದು ಗೊತ್ತಿದ್ದ ವಿಷಯವೇ ಇರಬೇಕು.

ಕಡಿದಾದ ನೆಲದಲ್ಲಿ ಎಲ್ಲವೂ ಜೀನಿನ ಮೇಲೆ ನಿಂತಿದೆ. ಏರುವಾಗ ಅದು ಹಿಂದಕ್ಕೆ ಜಾರದಂತೆ ಎದೆಪಟ್ಟಿ, ಇಳಿಯುವಾಗ ಕತ್ತಿನತ್ತ ಸರಿಯದಂತೆ ಹಿಂದೊಡೆಗಳನ್ನು ಬಳಸಿ ಬರುವ ಪಟ್ಟಿ ಬೇಕೇ ಬೇಕು. ಹೊಟ್ಟೆಯ ಪಟ್ಟಿಯನ್ನು ಹೊರಡುವಾಗ ಬಿಗಿದು ಮರೆಯುವಂತಿಲ್ಲ. ಸ್ವಲ್ಪ ದೂರ ನಡೆದೊಡನೆ ಅದು ಸಡಿಲವಾಗುವುದರಿಂದ ಏರು ಶುರುವಾಗುವ ಮುನ್ನ ಇಳಿದು ಮತ್ತೊಮ್ಮೆ ಬಿಗಿಯಬೇಕು. ಬೇಟೆಯ ಕಾಲವಲ್ಲದಿದ್ದರೂ, ಅಲ್ಲಿಗೆ ಹೋಗಿದ್ದಾಗ ಅವರ ಕುದುರೆಯ ಮೇಲೆ ಒಂದು ಬೆಟ್ಟ ಹತ್ತಿ ಇಳಿದಿದ್ದೇನೆ. ಏರುವಾಗ ಮುಂದಕ್ಕೆ ಬಾಗಿ ಲಗಾಮು ಸಡಿಲ ಬಿಡಿ, ಹೆಜ್ಜೆ ಎಲ್ಲಿಡಬೇಕೆಂಬುದನ್ನು ಕುದುರೆಗೇ ಬಿಡಿ ಎಂದಿದ್ದರು. ತೀರಾ ಕಡಿದಾದ ಇಳಿಜಾರಿನಲ್ಲಿ ಅವರೇ ಇಳಿದು ನಡೆದರು. ಮುಳ್ಳಯ್ಯನಗಿರಿಯ ಮೆಟ್ಟಿಲುಗಳಲ್ಲಿ ಮಂಡಿ ಹಿಡಿದುಕೊಂಡು ಇಳಿಯುವ ನನಗೆ ಕುದುರೆಯ ಮಂಡಿಯ ಬಗ್ಗೆ ಅವರಿಗಿದ್ದ ಕಾಳಜಿ ಬಹಳ ಹಿಡಿಸಿತು.

ರಕ್ತದ ವಾಸನೆಗೆ ಬೆದರದ ಕುದುರೆ ಅಪರೂಪ. ಹಸಿ ಚರ್ಮವನ್ನು ಮೊದಲೇ ಮೂಸಿಸಿ, ಹೇರು ಹೊರಿಸುವಾಗ ಕಣ್ಣಿಗೆ ಬಟ್ಟೆ ಕಟ್ಟಿ, ನಿಧಾನವಾಗಿ ರೂಢಿ ಮಾಡಿಸುತ್ತಾರೆ. ಈ ತಾಳ್ಮೆಯಿಲ್ಲದವರು ಕುದುರೆಯ ಬದಲು ಬೆನ್ನಚೀಲ ಹೊರುವುದೇ ಮೇಲೆಂಬುದು ನನ್ನ ಅಭಿಪ್ರಾಯ.

ರಾತ್ರಿ ಕುದುರೆಗಳನ್ನು ನೇರವಾಗಿ ಮರಕ್ಕೆ ಕಟ್ಟುವುದಿಲ್ಲ, ಅವು ಗೊರಸಿನಿಂದ ಬೇರು ಕೆದಕುತ್ತವೆ. ಎರಡು ಮರಗಳ ನಡುವೆ ತಲೆಗಿಂತ ಎತ್ತರದಲ್ಲಿ ಹಗ್ಗ ಬಿಗಿದು, ತೊಗಟೆ ಸವೆಯದಂತೆ ಅಗಲವಾದ ಪಟ್ಟಿ ಸುತ್ತಿ, ಆ ಹಗ್ಗಕ್ಕೆ ಕಟ್ಟುತ್ತಾರೆ. ಮೇವಿಗೂ ನಿಯಮವಿದೆ: ಅಲ್ಲಿನ ರಾಷ್ಟ್ರೀಯ ಅರಣ್ಯಗಳಿಗೆ ಕಳೆಬೀಜವಿಲ್ಲವೆಂದು ಪ್ರಮಾಣೀಕರಿಸಿದ ಒಣಹುಲ್ಲನ್ನೇ ಒಯ್ಯಬೇಕು. ನಮ್ಮ ಕಾಡಂಚುಗಳಲ್ಲಿ ಲಂಟಾನ ಹಬ್ಬಿರುವ ಪರಿಯನ್ನು ಕಂಡವರು ಈ ನಿಯಮವನ್ನು ಅತಿಯೆನ್ನಲಾರರು.